ಡೆಪ್ಯುಟೇಶನ್ ಮೇಲೆ ಹೋದ ಪುಟ್ಟ ಕಾರು

ನನಗೆ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಬಂದ ಪ್ರಥಮ ಬಹುಮಾನ ಒಂದು ಜಾಮಿಟ್ರಿ ಬಾಕ್ಸು. ಮೊನ್ನೆ ವಿಶಾಖಪಟ್ಟಣದ ಟೌನ್‌ಶಿಪ್ಪಿನಲ್ಲಿ ಹಾಸ್ಟೆಲಿನಿಂದ ಕ್ವಾರ್ಟರ್ಸಿಗೆ ಸಾಮಾನು ಸಾಗಿಸುವಾಗ ಅದು ಮಂಚದಡಿಯಿಂದ ಹೊರಬಂತು. ಕೈವಾರ, ಕೋನಮಾಪಕ, ರಬ್ಬರು ಎಲ್ಲವೂ ಇದ್ದ ಹಾಗೇ ಇವೆ. ಮುಚ್ಚಳದ ಮೇಲೆ ಒಂದು ಆನೆಮರಿ ನಗುತ್ತಿದೆ. ಎಂಜಿನಿಯರಾದವನಿಗೆ ಜಾಮಿಟ್ರಿ ಬಾಕ್ಸು ಬಂದರೆ ತಪ್ಪೇನು ಎಂದು ನೀವು ಕೇಳಬಹುದು. ತಪ್ಪು ಬಾಕ್ಸಿನದಲ್ಲ. ಅವತ್ತು ನನ್ನ ಜೊತೆ ದ್ವಿತೀಯ ಬಹುಮಾನ ಪಡೆದವನು ಐದನೇ ಕ್ಲಾಸಿನ ಹುಡುಗ. ತೃತೀಯ ಬಹುಮಾನದವಳನ್ನು ಅವಳ ತಾತ ಎತ್ತಿಕೊಂಡೇ ವೇದಿಕೆ ಹತ್ತಿದರು.

ನಾನು ದಿನಚರಿ ಬರೆಯುವವನು. ಮನಸ್ಸಿಗೆ ಏನಾಯಿತು ಎಂದು ಅದರಲ್ಲಿ ಬರೆಯುವುದಿಲ್ಲ, ಎಷ್ಟಾಯಿತು ಎಂದು ಬರೆಯುತ್ತೇನೆ. ನನ್ನ ಹವ್ಯಾಸ ಪುಟ್ಟ ಕಾರುಗಳನ್ನು ಕಟ್ಟಿ ಬಣ್ಣ ಬಳಿಯುವುದು. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಚೌಕಟ್ಟಿಗೆ ಬಿಡಿಭಾಗಗಳು ಹಲಸಿನ ತೊಳೆಗಳ ಹಾಗೆ ಅಂಟಿಕೊಂಡಿರುತ್ತವೆ. ಒಂದೊಂದನ್ನೇ ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲಿನ ಕಾರು ಸಿದ್ಧವಾಗುತ್ತದೆ. ನಿಜವಾದ ಕಾರಿನಲ್ಲಿ ಒಂದು ಗೇಣು ಇರುವುದು ಇದರಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಕೆಲಸವೆಲ್ಲ ಅಷ್ಟೇ. ಇದನ್ನು ನೋಡಿದವರು ಒಂದು ವರ್ಷದಲ್ಲಿ ಕೇಳಿದ ಪ್ರಶ್ನೆಗಳು ನನ್ನ ದಿನಚರಿಯಲ್ಲಿ ಹೀಗಿವೆ: ‘ಇದು ಓಡುತ್ತಾ?’ ಮೂವತ್ತೊಂದು ಸಲ. ‘ಬ್ಯಾಟರಿ ಎಲ್ಲಿ ಹಾಕೋದು?’ ಹದಿನೆಂಟು. ‘ಮದುವೆ ಯಾವಾಗ?’ ಹನ್ನೆರಡು. ‘ಎಷ್ಟು ಚೆನ್ನಾಗಿದೆ!’ ಎರಡು. ಆ ಇಬ್ಬರಲ್ಲಿ ಒಬ್ಬರು ಕನ್ನಡಕ ಮರೆತು ಬಂದಿದ್ದರು.

ಈ ರೋಗ ಚಿಕ್ಕಂದಿನದು. ಮೈಸೂರಿನಲ್ಲಿ ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಬೆಂಕಿಪೊಟ್ಟಣಗಳಿಂದ ಒಂದು ಲಾರಿ ಕಟ್ಟಿದೆ. ಔಷಧಿ ಶೀಷೆಯ ಮುಚ್ಚಳಗಳು ಚಕ್ರವಾದವು. ಲಾರಿಗೆ ಕೆಂಪು ಬಣ್ಣ ಬೇಕಿತ್ತು. ಮನೆಯಲ್ಲಿದ್ದ ಕೆಂಪೆಂದರೆ ಅಮ್ಮನ ಉಗುರುಬಣ್ಣದ ಪುಟ್ಟ ಶೀಷೆ ಒಂದೇ. ಮರುದಿನ ಚಿಕ್ಕಮ್ಮನ ಮದುವೆ. ಅಮ್ಮ ಬಲಗೈಗೆ ಮಾತ್ರ ಬಣ್ಣ ಹಚ್ಚಿಕೊಂಡು, ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ದಿನ ಓಡಾಡಿದಳು. ಬೀಗರು ಆಕೆಯ ಕೈಗೆ ಏನಾಗಿದೆಯೆಂದು ಕನಿಕರದಿಂದ ವಿಚಾರಿಸಿದರಂತೆ. ನನ್ನ ಬೆನ್ನಿಗೆ ಬಿದ್ದ ಏಟುಗಳ ಎಣಿಕೆ ಇಲ್ಲ, ಆಗಿನ್ನೂ ದಿನಚರಿ ಶುರುಮಾಡಿರಲಿಲ್ಲ.

ಅಪ್ಪ ಬ್ಯಾಂಕ್ ಅಧಿಕಾರಿ. ಅವರಿಗೆ ವಿಜಯವಾಡಕ್ಕೆ ವರ್ಗವಾದ ವರ್ಷವೇ ನನಗೆ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಟ್ರೈನಿ ಕೆಲಸ ಸಿಕ್ಕಿತು. ಹಾಸ್ಟೆಲಿನಲ್ಲಿ ನನ್ನ ರೂಮಿನವನು ಫಣಿ, ಶ್ರೀಕಾಕುಳಂ ಕಡೆಯವನು, ರೋಲಿಂಗ್ ಮಿಲ್ಲಿನಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬಂದವನೇ ಬಾಗಿಲಲ್ಲಿ ನಿಂತು, “ಏಂ ಗುರೂ, ಬೊಮ್ಮಲಕಿ ಸ್ನಾನ ಆಯ್ತಾ?” ಎನ್ನುವುದು ಅವನ ರೂಢಿ. ಬೊಮ್ಮ ಎಂದರೆ ಗೊಂಬೆ. ನಮ್ಮ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. “ಗೊಂಬೆ ಅಲ್ಲಯ್ಯಾ, ಸ್ಕೇಲ್ ಮಾಡೆಲ್,” ಎಂದು ನಾನು ತಿದ್ದುತ್ತಿದ್ದೆ. “ಸರಿ ಸರಿ, ಸ್ಕೇಲ್ ಬೊಮ್ಮ,” ಎಂದು ಅವನು ತಿದ್ದಿಕೊಳ್ಳುತ್ತಿದ್ದ.

ಟೌನ್‌ಶಿಪ್ಪಿನ ಕ್ಲಬ್ಬಿನಲ್ಲಿ ಪ್ರತಿ ದಸರೆಯ ಭಾನುವಾರ ಹವ್ಯಾಸಗಳ ಪ್ರದರ್ಶನ ನಡೆಯುತ್ತದೆ. ಅದರಲ್ಲಿ ಎರಡು ಟೇಬಲ್ಲು. ಒಂದಕ್ಕೆ ‘ಮಾದರಿಗಳು’ ಎಂದು ಚೀಟಿ, ಇನ್ನೊಂದಕ್ಕೆ ‘ಆಟಿಕೆಗಳು’ ಎಂದು. ನಿಯಮ ಸರಳ. ನೂರಕ್ಕೆ ಎಂಬತ್ತು ಅಂಕ ಬಂದದ್ದು ಮೊದಲ ಟೇಬಲ್ಲಿನಲ್ಲಿ ಉಳಿಯುತ್ತದೆ. ಬರದಿದ್ದದ್ದು, ಕಟ್ಟಿದವನ ವಯಸ್ಸು ಎಷ್ಟೇ ಇರಲಿ, ಆಟಿಕೆಯ ಟೇಬಲ್ಲಿಗೆ ಹೋಗುತ್ತದೆ. ತೀರ್ಪುಗಾರರು ಸುಂದರರಾಮಯ್ಯಗಾರು, ನಿವೃತ್ತ ಡ್ರಾಯಿಂಗ್ ಮೇಷ್ಟರು. ಕೈಯಲ್ಲಿ ಭೂತಗನ್ನಡಿ, ಜೇಬಿನಲ್ಲಿ ಸ್ಟೀಲ್ ಸ್ಕೇಲು. ನನ್ನ ಮೊದಲ ವರ್ಷದ ಕಾರಿಗೆ ಎಪ್ಪತ್ತನಾಲ್ಕು ಕೊಟ್ಟು, ಅದನ್ನು ಸತ್ತ ಜಿರಲೆಯ ಹಾಗೆ ಎರಡು ಬೆರಳಲ್ಲಿ ಹಿಡಿದು ಆಚೆ ಟೇಬಲ್ಲಿಗೆ ಇಟ್ಟರು. ಅಲ್ಲಿ ನಾನೇ ಪ್ರಥಮ. ಆನೆಮರಿಯ ಜಾಮಿಟ್ರಿ ಬಾಕ್ಸು ಬಂದದ್ದು ಹಾಗೆ.

ಮನೆಗೆ ಫೋನು ಮಾಡಿ, “ಫಸ್ಟ್ ಪ್ರೈಜ್ ಬಂತಮ್ಮಾ,” ಎಂದೆ. ಯಾವ ಟೇಬಲ್ಲು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ವಾರದೊಳಗೆ ಸುದ್ದಿ ವಿಜಯವಾಡದ ಪಕ್ಕದ ಮನೆಗೆ, ಅಪ್ಪನ ಬ್ಯಾಂಕಿಗೆ, ಮೈಸೂರಿನ ಚಿಕ್ಕಮ್ಮನಿಗೆ ತಲುಪಿ, ಅಲ್ಲಿಂದ ‘ನಮ್ಮ ಹುಡುಗ ಕಾರು ಕಂಡುಹಿಡಿದಿದ್ದಾನಂತೆ’ ಎಂದಾಗಿ ವಾಪಸು ಬಂತು.

ಆದ್ದರಿಂದ 2005ರಲ್ಲಿ ನನಗೆ ಎಂಬತ್ತು ಅಂಕ ಬೇಕೇ ಬೇಕಿತ್ತು. ಬಹುಮಾನ ಬೇಡ. ಆ ಮೊದಲ ಟೇಬಲ್ಲಿನಲ್ಲಿ ಒಂದು ಗೇಣು ಜಾಗ ಸಿಕ್ಕಿದರೆ ಸಾಕು.

ಜೂನಿನಲ್ಲಿ ಶುರುಮಾಡಿದೆ. ಇಟಲಿಯ ಹಳೆಯ ಪುಟ್ಟ ಕಾರು, ಕೆನೆಬಣ್ಣ, ಹನ್ನೆರಡೂವರೆ ಸೆಂಟಿಮೀಟರ್. ಒಟ್ಟು 232 ಗಂಟೆ. ಬೆರಳಿಗೆ ಬೆರಳು ಅಂಟಿದ್ದು ಒಂಬತ್ತು ಸಲ, ಕಾರಿಗೆ ನಾನೇ ಅಂಟಿದ್ದು ಒಂದು ಸಲ. ಎಲ್ಲ ಮುಗಿದರೂ ಮೇಲಿನ ವಾರ್ನಿಷ್ ಮಾತ್ರ ಒಗ್ಗಲಿಲ್ಲ. ವಿಶಾಖಪಟ್ಟಣದಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾರ್ಖಾನೆ. ಒಂದು ಒಣಗಲು ಬಿಡದು, ಇನ್ನೊಂದು ಧೂಳು ಕಳಿಸುವುದನ್ನು ಬಿಡದು. ಮೂರು ಸಲ ಬಳಿದೆ. ವಾರ್ನಿಷಿನಲ್ಲಿ ಸಿಕ್ಕಿಬಿದ್ದ ಧೂಳಿನ ಕಣಗಳು ಕ್ರಮವಾಗಿ 17, 22, 19.

“ನಿಮ್ಮ ಅಮ್ಮನ ಹತ್ತಿರ ತಗೊಂಡು ಹೋಗು ಗುರೂ,” ಎಂದ ಫಣಿ. ವಿಜಯವಾಡ ಅವನ ಬಾಯಲ್ಲಿ ಬೆಜವಾಡ. “ಬೆಜವಾಡ ಬಿಸಿಲು. ಸೇತುವೆ ಮೇಲೆ ನಿಂತ್ರೆ ಮನುಷ್ಯನೇ ಒಣಗಿ ಹಪ್ಪಳ ಆಗ್ತಾನೆ.”

ಅದು ನಿಜ. ಇಡೀ ವರ್ಷ ಕೂಡಿಟ್ಟಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ, ಕಾರನ್ನು ಷೂ ಡಬ್ಬಿಯಲ್ಲಿಟ್ಟುಕೊಂಡು ವಿಜಯವಾಡಕ್ಕೆ ಹೋದೆ. ನಮ್ಮ ಬಾಡಿಗೆ ಮನೆ ಬೆಂಜ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿ. ಸೋಮವಾರ ಬೆಳಿಗ್ಗೆ ಕಿಟಕಿ ಬಾಗಿಲು ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಅಂಗಿ ಬಿಚ್ಚಿಟ್ಟು, ಉಸಿರು ಬಿಗಿಹಿಡಿದು ವಾರ್ನಿಷ್ ಬಳಿದೆ. ಧೂಳಿನ ಕಣ: ಸೊನ್ನೆ. ಹಾಲಿನ ಪಾತ್ರೆಗೆ ಮುಚ್ಚುವ ಜಾಲರಿಯನ್ನು ಮೇಲೆ ಕವಿಚಿ, ‘ಮುಟ್ಟಬೇಡಿ, ಒಣಗಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಚೀಟಿ ಬರೆದಿಟ್ಟೆ. ಎರಡು ದಿನ ಅದು ಅಲುಗದೆ ಕೂರಬೇಕು.

ಮರುದಿನ ಪಾಡ್ಯ. ಮೆರುಗು ಕೊಡುವ ಪಾಲಿಷ್ ಪೇಸ್ಟು, ಉಪ್ಪುಕಾಗದ ತರಲು ಆಟೋನಗರಕ್ಕೆ ಹೋಗಿ ಮಧ್ಯಾಹ್ನ 12.40ಕ್ಕೆ ಮನೆಗೆ ಬಂದೆ. ಜಾಲರಿ ಇತ್ತು. ಚೀಟಿ ಇತ್ತು. ಕಾರು ಇರಲಿಲ್ಲ.

ಹಾಲ್‌ನಲ್ಲಿ ಅಮ್ಮ ಗೊಂಬೆ ಕೂರಿಸಿದ್ದಳು. ಏಳು ಮೆಟ್ಟಿಲು, ಬಿಳಿ ಪಂಚೆ ಹಾಸಿ. ಮೈಸೂರಿನಿಂದ ಬಂದ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ, ಮೇಲಿನ ಮೆಟ್ಟಿಲಲ್ಲಿ. ಶೆಟ್ಟಿ-ಶೆಟ್ಟಮ್ಮರ ಅಂಗಡಿ ಕೆಳಗೆ. ಇಲ್ಲಿಗೆ ಬಂದಮೇಲೆ ಕೊಂಡ ಕೊಂಡಪಲ್ಲಿಯ ಮರದ ಗೊಂಬೆಗಳು ನಡುವೆ, ಲೋಕಲ್ ಕೋಟಾದಲ್ಲಿ ಸೇರಿದವರ ಹಾಗೆ ಒತ್ತಾಗಿ ನಿಂತಿದ್ದವು. ರಾಜ-ರಾಣಿಯ ಮುಂದೆ ಪ್ರತಿವರ್ಷ ಅಂಬಾರಿಯ ಆನೆ ಇರುತ್ತಿತ್ತು. ಈ ವರ್ಷ ಅಲ್ಲಿ ನನ್ನ ಕಾರು ನಿಂತಿತ್ತು, ಬಾನೆಟ್ಟಿನ ಮೇಲೆ ದೊಡ್ಡದಾಗಿ ಅರಿಶಿನ-ಕುಂಕುಮ ಇಟ್ಟುಕೊಂಡು.

“ಅಮ್ಮಾ!”

“ಚೆನ್ನಾಗಿಲ್ವಾ? ಹೋದ ವರ್ಷ ಎತ್ತಿಡೋವಾಗ ಆನೆ ಸೊಂಡಿಲು ಮುರೀತು ಕಣೋ. ರಾಜ ರಾಣಿ ನಡ್ಕೊಂಡು ಹೋಗಕ್ಕಾಗತ್ತಾ? ಇದ್ರಲ್ಲಿ ಹೋಗ್ಲಿ.”

“ಮುಟ್ಟಬೇಡಿ ಅಂತ ಬರೆದಿದ್ನಲ್ಲಮ್ಮ!”

“ಮಡೀಲಿದ್ದೆ ಕಣೋ. ಏನೂ ಆಗಲ್ಲ.”

ನಾನು ಮೂಗು ತಾಗಿಸಿ ನೋಡಿದೆ. ಹಸಿ ವಾರ್ನಿಷಿನೊಳಗೆ ಕುಂಕುಮ ಸುಖವಾಗಿ ಇಳಿದು ಕೂತಿತ್ತು. ಅಳೆದೆ. ಒಂಬತ್ತು ಮಿಲಿಮೀಟರ್. ಎತ್ತಿಕೊಳ್ಳಲು ಕೈ ಚಾಚಿದವನ ಮಣಿಕಟ್ಟನ್ನು ಅಮ್ಮ ಹಿಡಿದುಕೊಂಡಳು.

“ಕೂರಿಸಿ ಆರತಿ ಎತ್ತಿದೀನಿ. ಇನ್ನು ದಶಮಿ ತನಕ ಅಲ್ಲಾಡಿಸೋ ಹಾಗಿಲ್ಲ.”

“ಭಾನುವಾರ ವೈಜಾಗಲ್ಲಿ ಕಾಂಪಿಟಿಷನ್ ಇದೆ!”

“ಅದನ್ನ ನೀನು ಆರತಿಗೆ ಮುಂಚೆ ಹೇಳ್ಬೇಕಿತ್ತು ಕದಾ?”

‘ಕದಾ’ ಎನ್ನುವುದು ‘ಅಲ್ವಾ’ ಎಂಬುದರ ತೆಲುಗು. ವಿಜಯವಾಡಕ್ಕೆ ಬಂದ ಎರಡು ವರ್ಷದಲ್ಲಿ ಅಮ್ಮ ಅದನ್ನು ವಾದದ ಕೊನೆಯ ಮೊಳೆಯಾಗಿ ಬಳಸಲು ಕಲಿತಿದ್ದಳು. ಅದು ಬಂತೆಂದರೆ ಮೇಲ್ಮನವಿ ಇಲ್ಲ.

ಆದರೂ ಸಂಜೆ ನನಗೊಬ್ಬ ವಕೀಲರು ಸಿಕ್ಕರು. ಅರಿಶಿನ-ಕುಂಕುಮಕ್ಕೆ ಬಂದ ಪಕ್ಕದ ಮನೆಯ ಸತ್ಯವತಿಗಾರು. ಅವರ ಮನೆಯಲ್ಲಿ ಗೊಂಬೆ ಕೂರಿಸುವುದು ಸಂಕ್ರಾಂತಿಗೆ. ನನ್ನ ಮುಖ ನೋಡಿ ವಿಷಯ ತಿಳಿದುಕೊಂಡು, ತೆಲುಗಿನಲ್ಲಿ ಅವರು ಹೇಳಿದ್ದು ಇಷ್ಟು: “ಹೋಗಲಿ ಬಿಡಿ ಅಕ್ಕಗಾರೂ. ನಮ್ಮ ಆಂಧ್ರದ ಲೆಕ್ಕದಲ್ಲಿ ಇವು ಇನ್ನೂ ಗೊಂಬೆ ಆಗಿಲ್ಲ. ಜನವರಿ ತನಕ ಬರೀ ಸಾಮಾನು. ಅಬ್ಬಾಯಿ ತಗೊಂಡು ಹೋಗಲಿ.”

ನಾನು ಕೃತಜ್ಞತೆಯಿಂದ ಅವರಿಗೆ ಇನ್ನೊಂದು ಲೋಟ ಪಾನಕ ಕೊಟ್ಟೆ.

ಅಮ್ಮ ನಕ್ಕು, ಮರ್ಯಾದೆಗೆ ತೆಲುಗಿನ ‘ಅಂಡಿ’ ಸೇರಿಸಿ ಹೇಳಿದಳು. “ನಿಮ್ಮೂರಿನ ಗೊಂಬೆಗೆ ಆ ರೂಲು ಸರಿ. ರಾಜ-ರಾಣಿ ಮೈಸೂರಿನವರು ಅಂಡಿ.”

“ಕಾರು ಮೈಸೂರಿಂದಲ್ಲವಲ್ಲಮ್ಮ,” ಎಂದೆ. “ಕಟ್ಟಿದ್ದು ವೈಜಾಗಲ್ಲಿ, ಅಚ್ಚು ಹೊಯ್ದಿದ್ದು ಜಪಾನಲ್ಲಿ.”

“ಜಪಾನಿನವರಿಗೂ ಗೊಂಬೆ ಹಬ್ಬ ಇದೆಯಂತೆ. ಪೇಪರಲ್ಲಿ ಬಂದಿತ್ತು,” ಎಂದಳು ಅಮ್ಮ. ಸತ್ಯವತಿಗಾರು ಕಡಲೆ ಉಸಲಿ ಕಟ್ಟಿಸಿಕೊಂಡು ಕೇಸಿನಿಂದ ನಿವೃತ್ತರಾದರು.

ಬುಧವಾರ ನಾನು ಉಪವಾಸ ಮಾಡುವುದಾಗಿ ಹೆದರಿಸಿದೆ. ನವರಾತ್ರಿಯಲ್ಲಿ ಉಪವಾಸ ಬಹಳ ಒಳ್ಳೆಯದೆಂದು ಅಮ್ಮ ಸಂತೋಷಪಟ್ಟಳು. ಹತ್ತೂವರೆಗೆ ನಾಲ್ಕು ದೋಸೆ ತಿಂದು ಚಳವಳಿ ಹಿಂತೆಗೆದುಕೊಂಡೆ.

ಗುರುವಾರ ಅಪ್ಪನನ್ನು ಹಿಡಿದೆ. ಅಪ್ಪ ಮನೆಯಲ್ಲಿ ಮಾತಾಡುವುದು ಕಡಿಮೆ, ಮಾತಾಡಿದರೆ ಸುತ್ತೋಲೆ. ಬ್ಯಾಂಕಿನಿಂದ ಬಂದು, ಕಾಫಿ ಕುಡಿದು, ಮೆಟ್ಟಿಲುಗಳ ಮುಂದೆ ಕೈಕಟ್ಟಿ ನಿಂತು, ಇನ್‌ಸ್ಪೆಕ್ಷನ್ನಿಗೆ ಬಂದವರ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಗೊಂಬೇನ ಜಾಗದಿಂದ ತೆಗೀಬಾರದು. ಅದು ತಾನೇ ರೂಲು?” ಎಂದರು ಅಮ್ಮನಿಗೆ.

“ಹೂಂ.”

“ತೆಗೀಬಾರದು ಅಂದ್ರೆ ಟ್ರಾನ್ಸ್‌ಫರ್ ಮಾಡಬಾರದು. ಡೆಪ್ಯುಟೇಶನ್ ಮೇಲೆ ಕಳಿಸಬಹುದಲ್ಲ?”

ಅಮ್ಮ ಅನುಮಾನದಿಂದ ನೋಡಿದಳು.

“ಡೆಪ್ಯುಟೇಶನ್ ಮೇಲೆ ಹೋದವನ ಕುರ್ಚಿಗೆ ಇನ್ನೊಬ್ಬರನ್ನ ಹಾಕಲ್ಲ. ಅವನ ಜಾಗ ಇಲ್ಲೇ ಇರತ್ತೆ, ಹಾಜರಿ ಮಾತ್ರ ಅಲ್ಲಿ. ಈಗ ನೋಡು, ರಾಜಮಂಡ್ರಿ ಬ್ರಾಂಚಿಗೆ ನಮ್ಮ ಹೆಡ್ ಕ್ಯಾಷಿಯರ್ ಹೋಗಿದಾನೆ. ಅವನು ನಮ್ಮವನಲ್ಲ ಅಂತ ಯಾರಾದ್ರೂ ಅಂತಾರಾ?”

ಇಪ್ಪತ್ತಾರು ವರ್ಷ ಬ್ಯಾಂಕಿನವನ ಜೊತೆ ಸಂಸಾರ ಮಾಡಿದವಳಿಗೆ ಈ ಮಾತು ಯಾವ ಪುರಾಣಕ್ಕಿಂತಲೂ ಚೆನ್ನಾಗಿ ಅರ್ಥವಾಯಿತು. ಅವಳು ಸ್ವಲ್ಪ ಯೋಚಿಸಿ, ಬ್ಯಾಂಕಿನ ಭಾಷೆಯಲ್ಲೇ ಉತ್ತರ ಕೊಟ್ಟಳು. “ತಿಜೋರಿ ಬೀಗ ಇಬ್ಬರ ಕೈಲಿರಬೇಕು ಅಂತೀರಲ್ಲ. ಹಾಗಾದ್ರೆ ಇವನೊಬ್ಬನೇ ಹೇಗೆ ಒಯ್ತಾನೆ? ನಾನೂ ಹೋಗ್ತೀನಿ. ಸಂಜೆ ಆರತಿ ಅದು ಎಲ್ಲಿರತ್ತೋ ಅಲ್ಲಿ ಆಗ್ಬೇಕು. ಇಲ್ಲಿನ ಆರತಿ ನೀವು ಎತ್ತಿ.”

ಕಡೆಯ ವಾಕ್ಯವನ್ನು ಅಪ್ಪ ನಿರೀಕ್ಷಿಸಿರಲಿಲ್ಲ. ಸುತ್ತೋಲೆ ಹೊರಡಿಸಿದವರಿಗೇ ಅದು ಅನ್ವಯಿಸುವುದು ಅಪರೂಪ.

ಶನಿವಾರ ಬೆಳಿಗ್ಗೆ ಕಾರು ಇದ್ದ ಜಾಗದಲ್ಲಿ ಅಮ್ಮ ಒಂದು ವೀಳ್ಯದೆಲೆ, ಅದರ ಮೇಲೆ ಅಡಿಕೆ, ಅಕ್ಷತೆ ಇಟ್ಟು ಸ್ಥಾನ ಕಾದಿರಿಸಿದಳು. ಅಷ್ಟೂ ದಿನ ಕುಂಕುಮ ಒರೆಸುವ ಅವಕಾಶಕ್ಕೆ ನಾನು ಹೊಂಚುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಷೂ ಡಬ್ಬಿ ಅವಳ ತೊಡೆ ಬಿಟ್ಟು ಇಳಿಯಲಿಲ್ಲ. ಎದುರು ದಿಕ್ಕಿನ ರೈಲುಗಳ ತುಂಬ ಇಂದ್ರಕೀಲಾದ್ರಿಯ ದೇವಿಯನ್ನು ನೋಡಲು ವಿಜಯವಾಡಕ್ಕೆ ಬರುವ ಜನ. ನಾವಿಬ್ಬರು ಮಾತ್ರ ಹಬ್ಬಕ್ಕೆ ಬೆನ್ನು ಹಾಕಿ ಹೊರಟಿದ್ದೆವು. ತುನಿ ದಾಟಿದ ಮೇಲೆ ಎದುರಿನ ಹೆಂಗಸು ಡಬ್ಬಿಯನ್ನೇ ನೋಡುತ್ತ, “ಕಾಜಾನಾ ಅಮ್ಮಾ?” ಎಂದು ಸಿಹಿತಿಂಡಿ ವಿಚಾರಿಸಿದಳು.

“ಕಾದಂಡಿ, ಕಾರು,” ಎಂದಳು ಅಮ್ಮ, ಅಲ್ಲವೆಂದು ತಲೆಯಾಡಿಸಿ. ಆ ಹೆಂಗಸು ತನ್ನ ಮಗುವನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು.

ಅವತ್ತು ಸಂಜೆಯ ಆರತಿ ಟೌನ್‌ಶಿಪ್ಪಿನ ಗೆಸ್ಟ್ ಹೌಸಿನಲ್ಲಿ ಆಯಿತು. ಪ್ರಸಾದಕ್ಕೆ ಬಂದ ಫಣಿ ಕಾರಿನ ಬಾನೆಟ್ಟು ನೋಡಿ ಐದು ನಿಮಿಷ ನಕ್ಕ. (ಆರು. ನಾನು ಗಡಿಯಾರ ನೋಡಿದೆ.)

ಭಾನುವಾರ ಕ್ಲಬ್ಬಿನ ಹಾಲ್. ಮಾದರಿಗಳ ಟೇಬಲ್ಲಿಗೆ ಒಂಬತ್ತು ಮಂದಿ ತಂದಿಟ್ಟಿದ್ದೆವು. ಸುಂದರರಾಮಯ್ಯಗಾರು ಮಧ್ಯಾಹ್ನ ಮೂರರ ಹೊತ್ತಿಗೆ ನನ್ನದರ ಬಳಿಗೆ ಬಂದರು. ಚಕ್ರ ನೋಡಿದರು, ಗಾಜು ನೋಡಿದರು, ತಲೆಯಾಡಿಸಿದರು. ಭೂತಗನ್ನಡಿ ಬಾನೆಟ್ಟಿನ ಮೇಲೆ ಬಂದು ನಿಂತಿತು.

“ಇದೇಂಟಿ ಬಾಬೂ?”

“ಕುಂಕುಮ, ಸರ್.”

“ಕುಂಕುಮ ಅಂತ ನನಗೂ ಗೊತ್ತು. ಎಷ್ಟಿದೆ?” ಸ್ಟೀಲ್ ಸ್ಕೇಲು ಹೊರಬಂತು. “ಒಂಬತ್ತು ಮಿಲಿಮೀಟರ್. ಇಂಟೂ ಇಪ್ಪತ್ತನಾಲ್ಕು.” ತುಟಿಯಲ್ಲೇ ಗುಣಿಸಿದರು. “ಇಪ್ಪತ್ತೊಂದೂವರೆ ಸೆಂಟಿಮೀಟರ್! ಊಟದ ತಟ್ಟೆಯಷ್ಟು ಕುಂಕುಮ ಯಾವ ಕಾರಿಗೆ ಇಡ್ತಾರೆ? ಕಾರು ಸ್ಕೇಲ್‌ನಲ್ಲಿದೆ. ಕುಂಕುಮ ಸ್ಕೇಲ್‌ನಲ್ಲಿಲ್ಲ. ನಾಲ್ಕು ಅಂಕ ಕಟ್.”

ಒಟ್ಟು ಎಪ್ಪತ್ತೆಂಟು. ಅವರ ಎರಡು ಬೆರಳು ಕಾರಿನತ್ತ ಬಂದವು.

ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಸುತ್ತ ಮಕ್ಕಳನ್ನು ನೋಡುತ್ತ ನಿಂತಿದ್ದ ಅಮ್ಮ ಇತ್ತ ಬಂದಳು. ನನ್ನ ತೋಳು ಹಿಡಿದು ಕನ್ನಡದಲ್ಲಿ, ಸಣ್ಣ ದನಿಯಲ್ಲಿ, “ಇದನ್ನ ಎಲ್ಲಿಗೆ ಒಯ್ತಿದಾರೆ?” ಎಂದಳು.

“ಆ ಟೇಬಲ್ಲಿಗೆ.”

“ಅದು ಮಕ್ಕಳದ್ದಲ್ವಾ?”

“ಹೂಂ.”

“ಹೋದ ವರ್ಷ ಫಸ್ಟ್ ಪ್ರೈಜ್ ಬಂದಿದ್ದು...”

“ಹೂಂ ಅಮ್ಮ. ಅಲ್ಲೇ.”

ಅಮ್ಮ ಮತ್ತೆ ಆ ಟೇಬಲ್ಲಿನ ಕಡೆ ನೋಡಿದಳು. ಅಲ್ಲಿ ಒಂದು ಹುಡುಗಿ ಜೇಡಿಮಣ್ಣಿನ ಬಸ್ಸಿಗೆ ಸೀಟು ಅಂಟಿಸುತ್ತಿದ್ದಳು, ಅವಳ ತಮ್ಮ ಆ ಸೀಟನ್ನು ನೆಕ್ಕುತ್ತಿದ್ದ. ಅಮ್ಮನ ಮುಖದಲ್ಲಿ ಪಕ್ಕದ ಮನೆ, ಬ್ಯಾಂಕು, ಮೈಸೂರು ಮೂರೂ ಕ್ರಮವಾಗಿ ಹಾದುಹೋದದ್ದು ನನಗೆ ಕಂಡಿತು. ಬೈಯುತ್ತಾಳೆಂದುಕೊಂಡೆ. ಅವಳು ನನ್ನನ್ನು ಬಿಟ್ಟು ಸುಂದರರಾಮಯ್ಯಗಾರ ಎದುರು ಹೋಗಿ ನಿಂತಳು. ಮುಂದಿನದು ಅವಳ ತೆಲುಗು, ಅಂದರೆ ಕನ್ನಡದ ವಾಕ್ಯಕ್ಕೆ ‘ಅಂಡಿ’ ಸೇರಿಸಿದ್ದು.

“ಕುಂಕುಮ ಇಟ್ಟಿದ್ದು ನಾನು ಅಂಡಿ. ಎಷ್ಟು ದೊಡ್ಡದಿರಬೇಕು ಹೇಳಿ.”

ಮೇಷ್ಟರಿಗೆ ಐವತ್ತು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಕ್ಕಿಲ್ಲ. ಅವರು ಕಿಟಕಿಯಿಂದ ಹೊರಗೆ ನಿಂತ ಸ್ಕೂಟರುಗಳನ್ನು ನೋಡಿ, ಹೆಬ್ಬೆರಳು ಎತ್ತಿ ಅಳೆದು, “ಹೆಬ್ಬೆಟ್ಟಿನಷ್ಟು ಅಂದ್ರೆ... ಒಂದು ಮಿಲಿಮೀಟರ್ ಅಮ್ಮಾ,” ಎಂದರು.

“ಒಂದೇ ಮಿಲಿಮೀಟರ್ ಇಟ್ರೆ ಆ ನಾಲ್ಕು ಮಾರ್ಕು ವಾಪಸು ಕೊಡ್ತೀರಾ?”

“ಐದೂವರೆಗೆ ಪಟ್ಟಿ ಮುಚ್ಚುತ್ತೇನೆ. ಅಷ್ಟರೊಳಗೆ ದೊಡ್ಡದು ಹೋಗಿರಬೇಕು.”

“ಕೇಳಿದ್ಯಲ್ಲ,” ಎಂದಳು ಅಮ್ಮ ನನಗೆ. ನಾನು ಜೇಬಿನಿಂದ ಪಾಲಿಷ್ ಪೇಸ್ಟು, ಬಟ್ಟೆಚೂರು ತೆಗೆದೆ. ಅಮ್ಮ ನನ್ನ ಕೈಗೆ ಪಟ್ಟನೆ ಹೊಡೆದಳು.

“ಮೊದಲು ಹೊಸದು ಇಡು. ಆಮೇಲೆ ಹಳೇದು ತೆಗಿ. ನಡುವೆ ಒಂದು ಗಳಿಗೇನೂ ಬರೀ ಹಣೇಲಿ ಇರಬಾರದು. ಮುತ್ತೈದೆ ಗಾಡಿ.”

ಬ್ಯಾಂಕಿನಲ್ಲೂ ಇದೇ ಪದ್ಧತಿ. ಹೊಸಬ ಚಾರ್ಜ್ ವಹಿಸಿಕೊಳ್ಳದೆ ಹಳಬನನ್ನು ಬಿಡುಗಡೆ ಮಾಡುವುದಿಲ್ಲ. ನನ್ನಲ್ಲಿದ್ದ ಅತಿ ಸಣ್ಣ ಕುಂಚ ತೆಗೆದೆ, ಮೂರು ಸೊನ್ನೆಯದು. ಅಮ್ಮ ಪುಟ್ಟ ಬಟ್ಟಲಲ್ಲಿ ಅರಿಶಿನ ಕಲಸಿ ಕೊಟ್ಟಳು. ಫಣಿ ಟಾರ್ಚು ಹಿಡಿದ. ಬಾನೆಟ್ಟಿನ ಮುಂಭಾಗದಲ್ಲಿ, ಲಾಂಛನಕ್ಕಿಂತ ಸ್ವಲ್ಪ ಮೇಲೆ, ಮೊದಲು ಅರಿಶಿನದ ಚುಕ್ಕೆ, ಅದರ ನಡುವೆ ಕುಂಕುಮದ ಚುಕ್ಕೆ. “ಎಡಕ್ಕೆ. ಎಡಕ್ಕೆ ಕಣೋ, ನಿನ್ನ ಎಡ ಅಲ್ಲ, ಕಾರಿನ ಎಡ,” ಎಂದು ಅಮ್ಮ ನಿರ್ದೇಶಿಸಿದಳು. ಕೈ ನಡುಗದಿರಲೆಂದು ನಾನು ಉಸಿರು ಹಿಡಿದರೆ, ಸುತ್ತ ನಿಂತ ಹದಿನಾಲ್ಕು ಜನರೂ ಹಿಡಿದರು. ಆಮೇಲೆ ಹಳೆಯದನ್ನು ಉಪ್ಪುಕಾಗದ, ಪೇಸ್ಟು, ಬಟ್ಟೆ ಈ ಕ್ರಮದಲ್ಲಿ ಮುಕ್ಕಾಲು ಗಂಟೆ ಉಜ್ಜಿದೆ. ಕುಂಕುಮ ಹೋಯಿತು. ಅರಿಶಿನದ ನೆರಳೊಂದು ಉಳಿಯಿತು, ಆದರೆ ಕಾರಿನ ಕೆನೆಬಣ್ಣ ಅದನ್ನು ನುಂಗಿಕೊಂಡಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಅಮ್ಮನಿಗೆ ಸ್ಕೇಲಿನ ರುಚಿ ಹತ್ತಿಬಿಟ್ಟಿತ್ತು.

“ಲಿಂಬೆಹಣ್ಣು?” ಎಂದಳು.

“ಏನಮ್ಮ?”

“ಗಾಡಿ ಪೂಜೆ ಅಂದ್ಮೇಲೆ ಚಕ್ರದ ಕೆಳಗೆ ಲಿಂಬೆಹಣ್ಣು ಬೇಡ್ವಾ? ಲಿಂಬೆಹಣ್ಣು ಎಷ್ಟಾಗತ್ತೆ ಮೇಷ್ಟ್ರೇ?”

ಮೇಷ್ಟರಿಗೂ ಈಗ ಹುರುಪು ಬಂದಿತ್ತು. “ನಾಲ್ಕು ಸೆಂಟಿಮೀಟರ್ ಹಣ್ಣು... ಒಂದೂವರೆ ಮಿಲಿಮೀಟರ್ ಚಿಲ್ಲರೆ.”

ಅಮ್ಮ ಒಂದು ಕ್ಷಣ ಕಣ್ಣು ಮುಚ್ಚಿ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮನಸ್ಸಿನಲ್ಲೇ ತೆರೆದು ನೋಡಿದಳು. ಆಮೇಲೆ ಪ್ರಸಾದಕ್ಕೆಂದು ತಂದಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿ, ಒಗ್ಗರಣೆಯಿಂದ ನಾಲ್ಕು ಸಾಸಿವೆ ಆರಿಸಿ, ನನ್ನ ಚಿಮಟದಲ್ಲಿ ಒಂದೊಂದೇ ಹಿಡಿದು ನಾಲ್ಕು ಚಕ್ರಗಳ ಕೆಳಗೆ ಇಟ್ಟಳು.

“ಲಿಂಬೆ ಕಪ್ಪಗಿದೆಯಲ್ಲ ಆಂಟೀ,” ಎಂದ ಫಣಿ.

“ಹುರಿದಿದ್ದೀನಲ್ಲಪ್ಪ.”

ಐದೂವರೆಗೆ ಸುಂದರರಾಮಯ್ಯಗಾರು ಬಂದರು. ಭೂತಗನ್ನಡಿ ಇಳಿಸಿ ಬಾನೆಟ್ಟು ನೋಡಿದರು. ಸ್ಕೇಲು ಇಟ್ಟರು, ತೆಗೆದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಭೂತಗನ್ನಡಿ ಹಿಡಿದ ಬಲಗೈ ತನ್ನಷ್ಟಕ್ಕೆ ತಾನೇ ಎದ್ದು ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿ ಇಳಿಯಿತು, ರಸ್ತೆಯಲ್ಲಿ ದೇವರ ವಾಹನ ಎದುರಾದಾಗ ನಾವೆಲ್ಲ ಮಾಡುವ ಹಾಗೆ. ತಕ್ಷಣ ಅವರಿಗೆ ತಾವು ತೀರ್ಪುಗಾರರೆಂಬುದು ನೆನಪಾಯಿತು. ಕೆಮ್ಮಿ, ಪೆನ್ನು ತೆಗೆದು, ನಾಲ್ಕು ಅಂಕ ಸೇರಿಸಿ, ಚಕ್ರದ ಬಳಿ ಇನ್ನೊಮ್ಮೆ ನೋಡಿ ಅರ್ಧ ಅಂಕ ಕಳೆದರು.

“ಅರ್ಧ ಯಾಕೆ?” ಎಂದಳು ಅಮ್ಮ.

“ಟಯರಿಗೆ ಎಣ್ಣೆ ಜಿಡ್ಡು, ಅಮ್ಮಾ. ಒಗ್ಗರಣೆದು.”

ಎಂಬತ್ತೊಂದೂವರೆ. ಒಂಬತ್ತರಲ್ಲಿ ನಾನು ಏಳನೆಯವನು. ಬಹುಮಾನವಿಲ್ಲ, ಆನೆಮರಿ ಇಲ್ಲ, ಮೊದಲ ಟೇಬಲ್ಲಿನಲ್ಲಿ ಒಂದು ಗೇಣು ಜಾಗ ಮಾತ್ರ. ನಾನು ಅದರ ಪಕ್ಕದಲ್ಲಿ ನಿಂತುಕೊಂಡೆ. ಫಣಿ ಫೋಟೋ ತೆಗೆಯುತ್ತ, “ನಗು ಗುರೂ, ಸ್ಕೇಲ್ ಬೊಮ್ಮ ಗೆದ್ದಿತು,” ಎಂದ. ನಾನು ತಿದ್ದಲಿಲ್ಲ. ಹೊರಗೆ ಕತ್ತಲಾಗುತ್ತಿತ್ತು. ಅಮ್ಮ ಆರತಿ ಹಚ್ಚಿದಳು. ಮೊದಲ ಬಹುಮಾನದ ಕೆಂಪು ರೇಸ್ ಕಾರಿನವನು ಹತ್ತಿರ ಬಂದು, “ಆಂಟೀ, ನಮ್ಮದಕ್ಕೂ ಒಂದು ಬೊಟ್ಟು,” ಎಂದ. ಅವನ ಹಿಂದೆ ಉಳಿದವರೂ ಸಾಲು ನಿಂತರು. ಆಚೆ ಟೇಬಲ್ಲಿನ ಜೇಡಿಮಣ್ಣಿನ ಬಸ್ಸೂ ಬಂತು. ಅಮ್ಮ ಪ್ರತಿಯೊಂದಕ್ಕೂ ಅಳತೆ ಕೇಳಿ ಇಟ್ಟಳು.

ಬುಧವಾರ ವಿಜಯದಶಮಿ. ಕಾರು ಆಗಲೇ ವಿಜಯವಾಡದ ಮನೆಯಲ್ಲಿ ತನ್ನ ಜಾಗಕ್ಕೆ ಹಾಜರಾಗಿತ್ತು. ಸಂಜೆ ಆರತಿಯ ಬಳಿಕ ಗೊಂಬೆಗಳನ್ನು ಮಲಗಿಸುವುದು ಕ್ರಮ. ಅಮ್ಮ ರಾಜನನ್ನು ಮಲಗಿಸಿದಳು, ರಾಣಿಯನ್ನು ಮಲಗಿಸಿದಳು. ಕಾರಿನ ಮುಂದೆ ಬಂದು ಕೈ ನಿಂತಿತು.

“ಇದನ್ನ ಮಲಗಿಸೋದು ಹೇಗೆ?” ಎಂದೆ. “ಪಲ್ಟಿ ಹೊಡೆಸ್ಲಾ?”

“ಥೂ, ಬಿಡ್ತು ಅನ್ನು. ಗಾಡಿ ಮಲಗೋದು ಅಂದ್ರೆ ಹ್ಯಾಂಡ್‌ಬ್ರೇಕು. ಟ್ಯಾಕ್ಸಿಯವನು ಕಟಕಟ ಅಂತ ಎಳೀತಾನಲ್ಲ, ಹಾಗೆ.” ಕನ್ನಡಕ ಸರಿಮಾಡಿಕೊಂಡು ಕಿಟಕಿಯಲ್ಲಿ ಇಣುಕಿದಳು. “ಎಲ್ಲೋ ಅದು?”

ನಾನೂ ಇಣುಕಿದೆ. ಇರಲಿಲ್ಲ. ರೂಮಿಗೆ ಓಡಿ ಡಬ್ಬಿ ಸುರುವಿದೆ. ಖಾಲಿ ಚೌಕಟ್ಟಿನ ಒಂದು ಮೂಲೆಯಲ್ಲಿ, ಐದು ಮಿಲಿಮೀಟರಿನ ಹ್ಯಾಂಡ್‌ಬ್ರೇಕಿನ ಹಿಡಿಕೆ ಹುಟ್ಟಿದಾಗ ಹೇಗಿತ್ತೋ ಹಾಗೇ ಅಂಟಿಕೊಂಡಿತ್ತು. 232 ಗಂಟೆಯಲ್ಲಿ ಒಮ್ಮೆಯೂ ಅದು ನನಗೆ ಕಂಡಿರಲಿಲ್ಲ. ಭೂತಗನ್ನಡಿಗೂ ಕಂಡಿರಲಿಲ್ಲ. ಒಂದು ಭಾಗ ಬಿಟ್ಟುಹೋದರೆ ಎರಡು ಅಂಕ ಕಡಿತ. ಎಂಬತ್ತೊಂದೂವರೆಯಲ್ಲಿ ಎರಡು ಕಳೆದರೆ ಎಷ್ಟೆಂದು ನೀವೇ ಲೆಕ್ಕ ಹಾಕಿ. ನಾನು ದಿನಚರಿಯಲ್ಲಿ ಹಾಕಿಲ್ಲ.

ವಾಪಸು ಬಂದು ವಿಷಯ ಹೇಳಿದೆ. ಅಮ್ಮ ಬಾಯಿ ತೆರೆಯುವ ಮೊದಲು ಅಪ್ಪ ಎದ್ದರು. ಪ್ರಸಾದದ ತಟ್ಟೆಯಿಂದ ಒಂದು ಹರಳು ಕಲ್ಲುಸಕ್ಕರೆ ಆರಿಸಿ, ಕಾರಿನ ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟರು, ಘಾಟಿಯಲ್ಲಿ ಲಾರಿಯವರು ಕಲ್ಲು ಕೊಡುವ ಹಾಗೆ.

“ಮೆಟ್ಟಿಲು ಇಳಿಜಾರು,” ಎಂದು ಕೈ ಒರೆಸಿಕೊಂಡರು.

ನಾನು ಸ್ಕೇಲು ತಂದು ಅಳೆದೆ. ಆರು ಮಿಲಿಮೀಟರ್. ಇಂಟೂ ಇಪ್ಪತ್ತನಾಲ್ಕು, ಹದಿನಾಲ್ಕು ಸೆಂಟಿಮೀಟರ್ ಚಿಲ್ಲರೆ. ಕಲ್ಲು ಸ್ಕೇಲ್‌ನಲ್ಲಿತ್ತು.